ಇನ್ನೂರು ವರ್ಷ ತಡವಾಗಿ ತಗುಲಿದ ಗುಂಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂಗಾರಪೇಟೆಯ ರೈಲು ಹಳಿಯ ಪಕ್ಕದ ಹಳೇ ಮರದ ಡಿಪೋದಲ್ಲಿ ಕದಿರಮ್ಮ ಒಂದು ತೊಲೆಯ ಮೇಲೆ ಕಿವಿಯಿಟ್ಟು ಬಾಗಿದ್ದಾರೆ. ಬಲಗೈಯಲ್ಲಿ ಸಣ್ಣ ಸುತ್ತಿಗೆ. ಟಕ್ ಎಂದು ಒಂದೇಟು, ಗೇಣುದ್ದ ಮುಂದೆ ಸರಿದು ಇನ್ನೊಂದೇಟು. ಮಾರಿಕುಪ್ಪಂ ಕಡೆಯ ಗಾಡಿ ಗಡಗಡನೆ ಹಾದುಹೋಗುವಾಗ ಸುತ್ತಿಗೆ ಸುಮ್ಮನಾಗುತ್ತದೆ. ಗಾಡಿಯ ಸದ್ದು ಪೂರ್ತಿ ಅಡಗಿದ ಮೇಲೆ ಮತ್ತೆ ಟಕ್.

"ಮೊಳೆ ಇರೋ ಕಡೆ ಮರ ಕೆಮ್ಮತೈತೆ. ಇಲ್ದೇ ಇರೋ ಕಡೆ ಗಂಟ್ಲು ಬಿಟ್ಟು ಮಾತಾಡ್ತೈತೆ" ಎನ್ನುತ್ತಾರೆ ಕದಿರಮ್ಮ, ತೊಲೆಯಿಂದ ಕಿವಿ ಎತ್ತದೆ. "ಈ ಗಾಡಿ ಬಂದ್ರೆ ನಂಗೇನೂ ಕೇಳ್ಸಾಕಿಲ್ಲ. ಅದು ಓಗೋಗಂಟ ಕಾಯ್ಬೇಕು."

ಅವರ ಕೆಲಸ ಮೊಳೆ ಕೀಳುವುದು. ಹಳೇ ಮನೆ, ಬಂಗಲೆ, ಗೋದಾಮುಗಳನ್ನು ಕೆಡವಿದಾಗ ಹೊರಬೀಳುವ ತೊಲೆ, ಬಾಗಿಲು, ಕಿಟಕಿಗಳೆಲ್ಲ ಲಾರಿ ಹತ್ತಿ ಇಂಥ ಡಿಪೋಗಳಿಗೆ ಬರುತ್ತವೆ. ಗರಗಸದ ಮಿಷನ್ನಿಗೆ ಕೊಡುವ ಮೊದಲು ಅವುಗಳ ಮೈಯಿಂದ ಕಬ್ಬಿಣದ ಚೂರೂ ಉಳಿಯದಂತೆ ಕಿತ್ತು ತೆಗೆಯಬೇಕು. ಒಂದೇ ಒಂದು ತುಕ್ಕು ಹಿಡಿದ ಮೊಳೆ ಒಳಗೆ ಉಳಿದರೂ ಸಾಕು, ಓಡುವ ಗರಗಸದ ಹಲ್ಲು ಮುರಿದು ಬಂದೂಕಿನ ಗುಂಡಿನ ವೇಗದಲ್ಲಿ ಹಾರುತ್ತದೆ. ನಿಮ್ಮ ಮನೆಯ ಹೊಸ ಬಾಗಿಲು ಹಳೇ ತೇಗದ್ದಾಗಿದ್ದರೆ, ಅದರ ಹಿಂದೆ ಇಂಥ ಯಾವಳೋ ಒಬ್ಬಳ ಕೈ ಇದ್ದೇ ಇರುತ್ತದೆ. ಗೃಹಪ್ರವೇಶಕ್ಕೆ ಆಕೆಯನ್ನು ಯಾರೂ ಕರೆಯುವುದಿಲ್ಲ.

ಕದಿರಮ್ಮನಿಗೀಗ ಐವತ್ತಾರು. ನಂದಿದುರ್ಗ ಗಣಿಯವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಯಿಂದ ಬೆಳಗಿನ ಮೊದಲ ಗಾಡಿ ಹಿಡಿದು ಬರುತ್ತಾರೆ. ಚಿನ್ನದ ಗಣಿ ಮುಚ್ಚಿದ ವರ್ಷ ಗಂಡ ಮುನಿಶಾಮಿ ಈ ಡಿಪೋದಲ್ಲಿ ಗರಗಸದ ಕೆಲಸಕ್ಕೆ ಸೇರಿದರು. ಅವರಿಗೆ ಬುತ್ತಿ ತರುತ್ತಿದ್ದ ಕದಿರಮ್ಮ, ಬಂದವಳು ಸುಮ್ಮನೆ ಯಾಕೆ ಕೂರಬೇಕೆಂದು ಇಕ್ಕಳ ಕೈಗೆತ್ತಿಕೊಂಡರು. ಅಂದಿನಿಂದ ಅದು ಕೆಳಗಿಳಿದಿಲ್ಲ. ದಿನಕ್ಕೆ ಒಂದು ಎಣ್ಣೆ ಡಬ್ಬದ ತುಂಬ ಮೊಳೆ ಬರುತ್ತದೆ, ಹಳೇ ಶಾಲೆಯ ಮರವಾದರೆ ಎರಡು ಡಬ್ಬ. ಇಷ್ಟು ವರ್ಷದಲ್ಲಿ ಎಷ್ಟು ಮೊಳೆ ಕಿತ್ತಿರಬಹುದು ಎಂದರೆ ನಗುತ್ತಾರೆ: "ತಲೇಲಿರೋ ಕೂದ್ಲು ಎಣ್ಸೀರಾ ನೀವು?" ಅಂಗೈ ಚಾಚಿದರೆ ಗೆರೆಗಳು ಯಾವುವು, ಗಾಯದ ಕಲೆಗಳು ಯಾವುವು ಎಂದು ಗೊತ್ತಾಗುವುದೇ ಇಲ್ಲ.

ಒಂದು ತೊಲೆ ಪೂರ್ತಿ ಶುದ್ಧವಾಯಿತು ಎನಿಸಿದಾಗ ಅದರ ತುದಿಗೆ ಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಗೆರೆ ಕಂಡರೆ ಗರಗಸದವನು ಇನ್ನೊಮ್ಮೆ ನೋಡುವುದಿಲ್ಲ, ಕೇಳುವುದಿಲ್ಲ, ಎತ್ತಿ ಮಿಷನ್ನಿಗೆ ಕೊಡುತ್ತಾನೆ. ಈ ಧಂದೆ ನಿಂತಿರುವುದೇ ಆ ನಂಬಿಕೆಯ ಮೇಲೆ. ಮುನಿಶಾಮಿಯೂ ಹಾಗೆಯೇ ನಂಬಿದ್ದರು, ಅದೂ ಸ್ವಂತ ಹೆಂಡತಿ ಎಳೆದ ಗೆರೆಯನ್ನು.

ಹದಿನೈದು ವರ್ಷದ ಹಿಂದಿನ ಮಾತು. ಗಣಿಯ ಬಳಿಯ ಊರಿಗಾಂನ ಹಳೇ ಬಂಗಲೆಯೊಂದು ಅಣ್ಣತಮ್ಮಂದಿರ ಪಾಲಾಗಿ, ಅಣ್ಣ ತನ್ನ ಪಾಲಿನ ಅರ್ಧವನ್ನು ಕೆಡವಿಸಿದ. ಅದಕ್ಕೆ ಊರವರೆಲ್ಲ ಕಪ್ಪಲ್ ಬಂಗ್ಲೆ ಎನ್ನುತ್ತಿದ್ದರು, ಅಂದರೆ ತಮಿಳಿನಲ್ಲಿ ಹಡಗಿನ ಬಂಗಲೆ. ಸಮುದ್ರವನ್ನೇ ಕಾಣದ ಊರಿನಲ್ಲಿ ಹಡಗಿನ ಹೆಸರೇಕೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಲ್ಲಿಂದ ಬಂದ ತೇಗದ ತೊಲೆಗಳು ಎರಡಾಳು ಗಾತ್ರ, ಹೊರಗೆ ಇದ್ದಲಿನ ಹಾಗೆ ಕಪ್ಪು, ಕೆತ್ತಿದರೆ ಒಳಗೆ ಜೇನಿನ ಬಣ್ಣ. ಕದಿರಮ್ಮ ಬಡಿದು, ಕೇಳಿ, ಮೊಳೆಯೆಲ್ಲ ಕಿತ್ತರು. ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಉದ್ದಕ್ಕೂ ಆಡಿಸಿದರು. ಒಂದು ಕಡೆ ಲೋಟದ ಬಾಯಿಯಷ್ಟಗಲದ ದುಂಡನೆಯ ಗುರುತಿತ್ತು. ಬಡಿದಾಗ ಸದ್ದು ಸ್ವಲ್ಪ ಮಂಕು. ಕೊಂಬೆ ಇದ್ದ ಜಾಗದಲ್ಲಿ ಮರಕ್ಕೆ ಗಂಟು ಇರುವುದು, ಗಂಟಿನ ಸದ್ದು ಮಂಕಾಗಿರುವುದು ಹೊಸದೇನಲ್ಲ.

"ಗಂಟು ಅಷ್ಟೇ, ಕುಯ್ಯಿ ಅಂದೆ" ಎನ್ನುತ್ತಾರೆ ಕದಿರಮ್ಮ. "ನಾನೇ ಅಂದಿದ್ದು. ಈ ಬಾಯಿನಾಗೇ ಅಂದಿದ್ದು."

ಗರಗಸ ಆ ದುಂಡು ಗುರುತಿನ ಬಳಿ ಬಂದದ್ದೇ ತಡ, ಕಿವಿ ಕಿತ್ತುಹೋಗುವಂಥ ಕಿರುಚು. ಬ್ಲೇಡು ತುಂಡಾಯಿತು. ಅದರ ಒಂದು ಹಲ್ಲು ಮುನಿಶಾಮಿಯ ಎಡಗಣ್ಣಿಗೆ ಹೊಕ್ಕಿತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ಆ ಗಡಿಬಿಡಿಯಲ್ಲಿ ಮರದೊಳಗೆ ಏನಿತ್ತೆಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಮೊಳೆ ಎಂದರು. ಎಲ್ಲರೂ ಹಾಗೇ ಅಂದರು. ಡಿಪೋದ ಯಜಮಾನ ಸೀನಪ್ಪ, ಅಪಶಕುನದ ಮರ ಎಂದು ಆ ತುಂಡನ್ನು ಕುಯ್ದು ಮೂಲೆಗೆ ಉರುಳಿಸಿದರು. ಕೊನೆಗೆ ಅದು ಆಳುಗಳು ಕೂತು ಟೀ ಕುಡಿಯುವ ದಿಮ್ಮಿಯಾಯಿತು.

ಹೆಂಡತಿ ಬಿಟ್ಟ ಮೊಳೆ ಗಂಡನ ಕಣ್ಣು ತಿಂದಿತು ಎಂಬ ಮಾತು ನಂದಿದುರ್ಗದಿಂದ ಬಂಗಾರಪೇಟೆಯವರೆಗೆ ಹಬ್ಬಿತು. ನೀರಿನ ನಲ್ಲಿಯ ಮುಂದೆ, ರೈಲಿನ ಡಬ್ಬಿಯಲ್ಲಿ, ಮದುವೆ ಮನೆಯಲ್ಲಿ ಅದೇ ಮಾತು. ಅತ್ತೆಯಂತೂ ಸಾಯುವವರೆಗೂ ಕದಿರಮ್ಮನ ಕೈಯಿಂದ ಒಂದು ಲೋಟ ನೀರು ಮುಟ್ಟಲಿಲ್ಲ. ಕೊನೆಯುಸಿರಿನಲ್ಲಿ ಬಾಯಿಗೆ ಬಿಡಲು ಹೋದ ನೀರನ್ನೂ ಆ ಮುದುಕಿ ಕೈಯೆತ್ತಿ ತಳ್ಳಿದರಂತೆ. ಆದರೂ ಕದಿರಮ್ಮ ಅತ್ತೆಯನ್ನು ದೂರುವುದಿಲ್ಲ. "ಮಗನ ಕಣ್ಣಲ್ವಾ? ಯಾರ್ಗಾದ್ರೂ ಸಂಕ್ಟ ಆಗ್ತೈತೆ" ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ಮುನಿಶಾಮಿ ಈಗ ಮನೆಯ ಬಾಗಿಲಲ್ಲಿ ಕೂತು ಬಡಗಿಗಳ ಗರಗಸಕ್ಕೆ ಅರ ಹಾಕಿ ಹಲ್ಲು ಚೂಪು ಮಾಡಿಕೊಡುತ್ತಾರೆ. ಹದಿನೈದು ವರ್ಷದಲ್ಲಿ ಅವರು ಹೆಂಡತಿಗೆ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ಆ ವಿಷಯ ಬಂದಾಗಲೆಲ್ಲ "ಓಗ್ಲಿ ಬಿಡಮ್ಮೇ" ಎಂದು ಎದ್ದು ಹೋಗುತ್ತಿದ್ದರು. ಅದೇ ಕದಿರಮ್ಮನಿಗೆ ತಡೆಯಲಾಗುತ್ತಿರಲಿಲ್ಲ. "ಬೈದಿದ್ರೆ, ಒಡ್ದಿದ್ರೆ ಚೆನ್ನಾಗಿರ್ತಿತ್ತು. ಓಗ್ಲಿ ಅಂದ್ರೆ ತಪ್ಪು ನಂದೇ ಅಂತ ತಾನೇ ಅರ್ಥ?"

ಈ ಪ್ರಶ್ನೆ ಹೊತ್ತುಕೊಂಡೇ ಆಕೆ ಅದೇ ಡಿಪೋಗೆ, ಅದೇ ಕೆಲಸಕ್ಕೆ ಬರುತ್ತಿದ್ದರು. ಒಂದು ಮಾತ್ರ ಬದಲಾಯಿತು. ತಾನು ಶುದ್ಧ ಮಾಡಿದ ತೊಲೆ ಮಿಷನ್ನಿಗೆ ಹೋದಾಗಲೆಲ್ಲ ಗರಗಸದ ಮುಂದೆ, ಹಲ್ಲು ಹಾರಿದರೆ ನೇರ ಬಂದು ಬಡಿಯುವ ಜಾಗದಲ್ಲಿ ನಿಂತುಬಿಡುತ್ತಾರೆ. ಗರಗಸದ ನಾಗೇಶ್ ಎಷ್ಟು ಬೈದರೂ ಕದಲುವುದಿಲ್ಲ. ಮರ ಎರಡಾಗಿ ಬೀಳುವವರೆಗೆ ಅಲ್ಲೇ ನಿಂತು, ಆಮೇಲೆ ಮುಂದಿನ ತೊಲೆಗೆ ಹೋಗುತ್ತಾರೆ. "ಬಿದ್ರೆ ಮೊದ್ಲು ನಂಗ್ ಬೀಳ್ಲಿ ಅಂತ" ಎನ್ನುತ್ತಾರೆ, ತರಕಾರಿ ಬೆಲೆ ಹೇಳುವಷ್ಟು ಸಲೀಸಾಗಿ. ಹದಿನೈದು ವರ್ಷ, ಪ್ರತಿ ತೊಲೆಗೂ ಹೀಗೆ ಕಣ್ಣು ಬಿಟ್ಟುಕೊಂಡು ಗರಗಸದ ಎದುರು ನಿಂತಿದ್ದಾರೆ.

ಹೋದ ವರ್ಷ ಕಪ್ಪಲ್ ಬಂಗ್ಲೆಯ ತಮ್ಮನ ಪಾಲಿನ ಅರ್ಧವೂ ನೆಲಕ್ಕುರುಳಿತು. ಲಾರಿಯಿಂದ ತೊಲೆಗಳು ಇಳಿಯುತ್ತಿದ್ದಂತೆ ಕದಿರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದರು. ಅದೇ ಕಪ್ಪು, ಅದೇ ಗಾತ್ರ. ಮೂರನೇ ತೊಲೆಯ ನಡುವೆ, ಲೋಟದ ಬಾಯಿಯಷ್ಟಗಲದ ದುಂಡನೆಯ ಗುರುತು. ಬಡಿದರು. ಮಂಕು ಸದ್ದು. ಸುತ್ತಿಗೆ ಕೆಳಗಿಟ್ಟು ಆ ಗುರುತಿನ ಮೇಲೇ ಕೂತುಬಿಟ್ಟರು.

"ಇದನ್ನ ಮಿಷನ್‌ಗೆ ಆಕ್ಬೇಡ ನಾಗೇಶ್. ಆಕೋದಾದ್ರೆ ನನ್ನೂ ಸೇರ್ಸಿ ಕುಯ್ದ್‌ಬಿಡು."

ಸೀನಪ್ಪ ಓಡಿ ಬಂದರು. "ಏನಮ್ಮಾ ಕದಿರಮ್ಮ, ಗಂಟು ಕಂಡ್ರೂ ಇಂಗ್ ಎದ್ರುಕೊಂಡ್ರೆ ಎಂಗಮ್ಮಾ? ನಾಳೆಗೆ ಬಾಗ್ಲು ಮರ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಅವತ್ತೂ ಗಂಟು ಅಂತ್ಲೇ ಅಂದಿದ್ದೆ ಸೀನಪ್ಪಣ್ಣ."

ಉಳಿ ತಂದು ಕೊಡಿ ಎಂದರು ಕದಿರಮ್ಮ. ದುಂಡನೆಯ ಗುರುತಿನ ಸುತ್ತ ಕೆತ್ತುತ್ತಾ ಹೋದಂತೆ ಅದು ಅಲುಗಾಡಲು ಶುರುವಾಯಿತು. ಗಂಟು ಅಲುಗಾಡುತ್ತದೆಯೇ? ಇಕ್ಕಳ ಹಾಕಿ ಎಳೆದರೆ ಬಾಟಲಿಯ ಬಿರಡೆಯ ಹಾಗೆ ಹೊರಗೆ ಬಂತು. ಯಾರೋ ಯಾವತ್ತೋ ಅಚ್ಚುಕಟ್ಟಾಗಿ ಕಡೆದು ಕೂರಿಸಿದ್ದ ತೇಗದ ಬಿರಡೆ. ಅದರ ಹಿಂದೆ ಬೆರಳುದ್ದದ ಕತ್ತಲೆ. ಕತ್ತಲೆಯ ತಳದಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು ಕಬ್ಬಿಣದ ಗುಂಡು ಕೂತಿತ್ತು. ಅಷ್ಟು ಆಳದಲ್ಲಿದ್ದರೆ ಅಯಸ್ಕಾಂತಕ್ಕೂ ಸುಳಿವು ಹತ್ತುವುದಿಲ್ಲ.

ಸುತ್ತ ನಿಂತವರು ಬೆಚ್ಚಿ ಹಿಂದೆ ಸರಿದರು. ಬಾಂಬು ಎಂದ ಒಬ್ಬ. ನಾಗೇಶ್ ಮಾತ್ರ ಗುಂಡು ನೋಡಲಿಲ್ಲ, ತಿರುಗಿ ಮೂಲೆಯಲ್ಲಿ ಟೀ ಕುಡಿಯಲು ಕೂರುತ್ತಿದ್ದ ದಿಮ್ಮಿಯನ್ನು ನೋಡಿದ. ಅದನ್ನು ಎಲ್ಲರೂ ಸೇರಿ ಹೊರಳಿಸಿದರು. ಅಂದಿನಿಂದ ನೆಲಕ್ಕೆ ಮುಖ ಹಾಕಿ ಬಿದ್ದಿದ್ದ ಬದಿಯಲ್ಲಿ ಗರಗಸ ಕಚ್ಚಿದ ಸೀಳಿತ್ತು. ಸೀಳಿನ ಎರಡೂ ಕಡೆ ಅರ್ಧರ್ಧ ಬಿರಡೆ. ಕದಿರಮ್ಮನ ಕೈಯಿಂದ ಉಳಿ ತೆಗೆದುಕೊಂಡು ನಾಗೇಶನೇ ಕೆತ್ತಿದ. ಒಳಗಿನಿಂದ ಇನ್ನೊಂದು ಗುಂಡು ಬಂತು. ಇದರ ಮೈಮೇಲೆ ಗರಗಸದ ಹಲ್ಲು ಕೊರೆದ ಗೀರುಗಳಿದ್ದವು.

"ಮೊಳೆ ಅಲ್ಲ" ಎಂದರು ಕದಿರಮ್ಮ. ಮಣ್ಣಿನಲ್ಲೇ ಕುಸಿದು ಕೂತರು. "ಮೊಳೆ ಅಲ್ಲ ಅಣ್ಣಾ. ನಾನು ಮೊಳೆ ಬಿಟ್ಟಿರ್ಲಿಲ್ಲ. ಅಯ್ಯೋ ದೇವುಡಾ, ಮೊಳೆ ಅಲ್ವಲ್ಲಾ!" ಸೀನಪ್ಪ ಅವರ ಮುಂದೆ ನಿಲ್ಲಲಾಗದೆ ಮಿಷನ್ನಿನ ಹಿಂದೆ ಹೋಗಿ ಕಣ್ಣೊರೆಸಿಕೊಂಡರು. ಮೊಳೆ ಎಂದು ಊರಿಗೆ ಮೊದಲು ಹೇಳಿದವರೇ ಅವರು.

ಸಂಜೆಯ ಗಾಡಿಯಲ್ಲಿ ಕದಿರಮ್ಮ ಆ ಗೀರುಬಿದ್ದ ಗುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಏನೂ ಹೇಳದೆ ಗಂಡನ ಅಂಗೈಯಲ್ಲಿಟ್ಟರು. ಮುನಿಶಾಮಿ ಅದನ್ನು ತಿರುಗಿಸಿ ತಿರುಗಿಸಿ ಹೆಬ್ಬೆರಳಿನಲ್ಲಿ ಸವರಿದರು. ಗೀರುಗಳ ಮೇಲೆ ಬೆರಳು ನಿಂತಿತು. "ಇದು ನನ್ನ ಬ್ಲೇಡಿನ ಅಲ್ಲು" ಎಂದರು. ಆಮೇಲೆ ಗಂಡಹೆಂಡಿರು ಏನು ಮಾತಾಡಿಕೊಂಡರೆಂದು ಕೇಳಿದರೆ ಅಂದು ಒಲೆ ಹಚ್ಚಲಿಲ್ಲ ಎಂದಷ್ಟೇ ಹೇಳುತ್ತಾರೆ.

ಸೀನಪ್ಪನ ಮಗಳು ಕಲ್ಪನ ಗುಂಡಿನ ಫೋಟೊ ತೆಗೆದು ಗುರುತಿನವರಿಗೆಲ್ಲ ಕಳಿಸಿದ್ದಳು. ಅದು ಕೈಯಿಂದ ಕೈಗೆ ದಾಟಿ ಬೆಂಗಳೂರಿನಲ್ಲಿ ಹಳೇ ಮರಗಳ ಅಧ್ಯಯನ ಮಾಡುವ ಲಿಖಿತ ಎಂಬವರಿಗೆ ತಲುಪಿತು. ಅವರು ಬಂದು ತೊಲೆಗಳ ಮೇಲೆ ಕೈಯಾಡಿಸಿ, ಅವುಗಳಲ್ಲಿದ್ದ, ಮನೆಯ ತೊಲೆಗೆ ಯಾರೂ ಬಡಿಯದ ತಾಮ್ರದ ಗೂಟಗಳನ್ನು ನೋಡಿ, ಬಂಗಲೆಯಿಂದ ಬೇರೆ ಏನೇನು ಬಂದಿದೆ ಎಂದು ಕೇಳಿದರು. ಗುಜರಿಗೆ ಹೋಗಲು ಕಾದಿದ್ದ ಹಿತ್ತಾಳೆಯ ರಾಶಿಯಲ್ಲಿ, ವರಾಂಡದ ಗೋಡೆಗೆ ಬಡಿದಿದ್ದ ಫಲಕವೊಂದು ಸಿಕ್ಕಿತು. ಹುಣಸೆಹಣ್ಣು ಹಾಕಿ ಉಜ್ಜಿದಾಗ ಅಕ್ಷರ ಮೂಡಿತು. ಈ ಮನೆಯ ತೊಲೆಗಳು ಪೆನ್ಹಾರೋ ಎಂಬ ಯುದ್ಧನೌಕೆಯವು ಎಂದಿತ್ತು.

ಮುಂದೆ ಲಿಖಿತ ಹುಡುಕಿ ತಂದ ಕಥೆ ಕೇಳಿದವರು ಕಣ್ಣುಬಾಯಿ ಬಿಟ್ಟು ಕೂತರು. ಪೆನ್ಹಾರೋ ಹಾಯಿ ಕಟ್ಟಿ ಓಡುತ್ತಿದ್ದ ಇಂಗ್ಲಿಷರ ಹಡಗು. ಹಾಯಿ ಕಟ್ಟುವ ಮೂರು ಕೂವೆಮರ, ಮೂವತ್ತೆಂಟು ಫಿರಂಗಿ, ಮುನ್ನೂರು ಜನ. ಆದರೆ ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಸಾವಿರದ ಎಂಟುನೂರ ಏಳರಲ್ಲಿ ಬೊಂಬಾಯಿಯ ಬಂದರಿನಲ್ಲಿ. ಮಲಬಾರಿನ ಕಾಡಿನ ತೇಗವನ್ನು ಆನೆಗಳು ಎಳೆದು ಹೊಳೆಗೆ ಬಿಟ್ಟು, ಹೊಳೆ ಸಮುದ್ರಕ್ಕೆ ಮುಟ್ಟಿಸಿ, ಅಲ್ಲಿಂದ ಬೊಂಬಾಯಿಗೆ ಸಾಗಿಸಿ ಕಟ್ಟಿದ್ದು. ಇಂಗ್ಲೆಂಡಿನ ಹಡಗುಗಳ ಓಕ್ ಮರದಲ್ಲಿ ಕಬ್ಬಿಣ ಬೇಗ ಕೊಳೆಯುತ್ತದೆ, ಎಣ್ಣೆಯಂಶವಿರುವ ತೇಗದಲ್ಲಿ ಹಾಗೇ ಉಳಿಯುತ್ತದೆ. ಹಡಗಿಗೆ ವರವಾದ ಆ ಗುಣವೇ ಮುನಿಶಾಮಿಗೆ ಮುಳುವಾಯಿತು.

ನೀರಿಗಿಳಿದು ಮೂರು ವರ್ಷಕ್ಕೆ, ಮಾರಿಷಸ್ ದ್ವೀಪದಾಚೆ ಪೆನ್ಹಾರೋ ಒಂದು ಫ್ರೆಂಚ್ ಹಡಗಿಗೆ ಎದುರಾಯಿತು. ಒಂದು ಮಧ್ಯಾಹ್ನವಿಡೀ ಎರಡೂ ಹಡಗು ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು ಬಡಿದಾಡಿದವು. ಫ್ರೆಂಚರು ಕಬ್ಬಿಣದ ಗುಂಡುಗಳನ್ನು ದ್ರಾಕ್ಷಿ ಗೊಂಚಲಿನ ಹಾಗೆ ಚೀಲದಲ್ಲಿ ಕಟ್ಟಿ ಫಿರಂಗಿಯಲ್ಲಿಟ್ಟು ಹಾರಿಸಿದರು. ಅದು ಹಡಗು ಮುಳುಗಿಸುವುದಕ್ಕಲ್ಲ, ಮನುಷ್ಯರನ್ನು ಕೆಡವುವುದಕ್ಕೆಂದೇ ಮಾಡಿದ್ದು. ಅವುಗಳಲ್ಲಿ ಎರಡು ಗುರಿ ತಪ್ಪಿ ತೊಲೆಗಳಿಗೆ ಹೊಕ್ಕವು. ಬೊಂಬಾಯಿಯ ಬಡಗಿಗಳು ಅವನ್ನು ಕೀಳಹೋದರೆ ತೊಲೆ ಸೀಳೀತೆಂದು ಒಳಗೇ ಬಿಟ್ಟು, ಬಾಯಿಗೆ ತೇಗದ ಬಿರಡೆ ಹೊಡೆದು ಡಾಂಬರು ಬಳಿದರು. ಹಡಗು ಮತ್ತೆ ಸಮುದ್ರಕ್ಕೆ ಹೋಯಿತು.

ಆಮೇಲೆ ಹಬೆಯ ಹಡಗುಗಳು ಬಂದವು, ಹಾಯಿಯ ಕಾಲ ಮುಗಿಯಿತು. ಪೆನ್ಹಾರೋದ ಕೂವೆಮರ ಕಿತ್ತು, ಬೊಂಬಾಯಿ ಬಂದರಿನಲ್ಲಿ ನಲವತ್ತು ವರ್ಷ ಅದನ್ನು ತೇಲುವ ಉಗ್ರಾಣವಾಗಿ ಕಟ್ಟಿಹಾಕಿದ್ದರು. ಕಡೆಗೆ ಒಡೆದು ಮಾರಿದಾಗ ಇಲ್ಲಿ ಚಿನ್ನದ ಗಣಿಯ ಊರು ಎದ್ದು ನಿಲ್ಲುತ್ತಿತ್ತು. ಆ ಹಡಗಿನಲ್ಲಿ ದುಡಿದವನೊಬ್ಬನ ಮಗ ಊರಿಗಾಂನಲ್ಲಿ ಗಣಿಯ ಅಧಿಕಾರಿಯಾಗಿದ್ದ. ಅಪ್ಪನ ನೆನಪಿಗೆಂದು ತೊಲೆ ಕೊಂಡು, ಬಂಗಾರಪೇಟೆಗೆ ರೈಲಿನಲ್ಲಿ ತರಿಸಿ, ಎತ್ತಿನ ಗಾಡಿಯಲ್ಲಿ ಊರಿಗಾಂಗೆ ಹೊರಿಸಿ ಮನೆ ಕಟ್ಟಿಸಿದ. ಅವನ ಮನೆಯವರು ನೂರಾರು ಇರುಳು ಫಿರಂಗಿ ಗುಂಡಿನ ಅಡಿಯಲ್ಲೇ ನಿಶ್ಚಿಂತೆಯಿಂದ ನಿದ್ದೆ ಮಾಡಿದರು. ಗುಂಡು ಹಾರಿಸಿದವನು, ಅದು ಯಾರಿಗೆಂದು ಹಾರಿತೋ ಅವನು, ಬಿರಡೆ ಹೊಡೆದ ಬಡಗಿ, ಎಲ್ಲರೂ ಮಣ್ಣಾದರು. ಗುಂಡು ಮಾತ್ರ ಕಾದಿತ್ತು. ಅಂದು ತಪ್ಪಿದ ಗುರಿಯನ್ನು ಇನ್ನೂರು ವರ್ಷದ ಮೇಲೆ, ಸಮುದ್ರದಿಂದ ಇಷ್ಟು ದೂರದ ಬಂಗಾರಪೇಟೆಯಲ್ಲಿ, ಗರಗಸ ಹಿಡಿದು ನಿಂತಿದ್ದ ಒಬ್ಬ ಬಡಪಾಯಿಯಲ್ಲಿ ಕಂಡುಕೊಂಡಿತು. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ, ಇದು ನಿಜವೇ ಎಂದು.

ಲಿಖಿತ ಇದನ್ನೆಲ್ಲ ಹೇಳಿದ್ದು ನಂದಿದುರ್ಗದ ಲೈನ್ ಮನೆಯ ಬಾಗಿಲಲ್ಲಿ ಕೂತು. ಮುನಿಶಾಮಿ ಅರ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಆ ಫ್ರೆಂಚ್‌ನವ್ರಿಗೂ ನಮ್ಗೂ ಏನಮ್ಮಾ ಜಗ್ಳ?"

"ಏನೂ ಇರಲಿಲ್ಲ ಸರ್" ಎಂದರು ಲಿಖಿತ.

"ಅದೇ ಅನ್ಕೊಂಡೆ" ಎಂದು ಮುನಿಶಾಮಿ ನಕ್ಕೇಬಿಟ್ಟರು. ಆ ನಗು ಕೇಳಿ ಕದಿರಮ್ಮನಿಗೆ ದಿಗಿಲಾಯಿತು. ಕಣ್ಣು ಹೋದ ದಿನದಿಂದ ಆತ ಹಾಗೆ ನಕ್ಕದ್ದನ್ನು ಅವರು ಕಂಡಿರಲಿಲ್ಲ. ನಗು ಮುಗಿದ ಮೇಲೆ ಮುನಿಶಾಮಿ ಹೆಂಡತಿಯ ಕಡೆ ತಿರುಗಿ, ಎಲ್ಲರೆದುರೇ ಹೇಳಿದರು: "ನಾನೂ ಅದ್ರ ಮೇಲೆ ಕೈ ಆಡ್ಸಿದ್ದೆ ಕಣಮ್ಮೇ. ನಂಗೂ ಗಂಟು ಅಂತ್ಲೇ ಅನ್ಸಿತ್ತು. ನೀನೊಬ್ಳೇ ಅಲ್ಲ."

ಕದಿರಮ್ಮ ಬೆರಗಾಗಿ ಗಂಡನನ್ನೇ ನೋಡಿದರು. ಸಿಟ್ಟೂ ಬಂತು. "ಇಷ್ಟ್ ವರ್ಸ ಬಾಯಿ ಬಿಡ್ಲಿಲ್ವಲ್ಲಾ ನೀನು! ನಿಮ್ಮಮ್ಮ ನನ್ ಕೈನಾಗೆ ನೀರು ಕುಡೀದಂಗೇ ಸತ್ತೋದ್ಲು!" ಮುನಿಶಾಮಿ ತಲೆ ತಗ್ಗಿಸಿದರು. ಅಕ್ಕಪಕ್ಕದ ಮನೆಯವರು ಬಾಗಿಲಲ್ಲಿ ಗುಂಪುಗೂಡಿದ್ದರು. ಅಂದು ಆ ಜನದ ಮುಂದೆ ಕದಿರಮ್ಮ ಎಷ್ಟು ಬೇಕೋ ಅಷ್ಟು ಬೈದರು, ಅತ್ತರು, ಆಮೇಲೆ ಒಳಗೆ ಹೋಗಿ ಎಲ್ಲರಿಗೂ ಟೀ ಇಟ್ಟರು.

ಆ ದಿಮ್ಮಿ, ಬಿರಡೆ, ಗುಂಡುಗಳನ್ನು ಬೆಂಗಳೂರಿನ ವಸ್ತುಸಂಗ್ರಹಾಲಯವೊಂದರಲ್ಲಿ ಇಡಬೇಕೆಂಬುದು ಲಿಖಿತರ ಆಸೆ. ಹೋದ ವಾರ ಅವುಗಳನ್ನು ಒಯ್ಯಲು ಡಿಪೋಗೆ ಬಂದಿದ್ದರು. ಗುಂಡು ಕೊಡಲು ಕದಿರಮ್ಮನ ತಕರಾರಿಲ್ಲ. ಪಕ್ಕದ ಹಲಗೆಯ ಮೇಲೆ ಏನು ಬರೆಸುತ್ತೀರಿ ಎಂದಷ್ಟೇ ಕೇಳಿದರು. ಲಿಖಿತ ಓದಿ ಹೇಳಿದರು. ಹಡಗಿನ ಹೆಸರು, ಕಟ್ಟಿದ ಊರು, ಯುದ್ಧ ನಡೆದ ಜಾಗ, ಸತ್ತವರು ಏಳು ಮಂದಿ, ಗಾಯಗೊಂಡವರು ಇಪ್ಪತ್ತಮೂರು ಮಂದಿ.

ಕದಿರಮ್ಮ ಸುತ್ತಿಗೆ ಕೆಳಗಿಟ್ಟು, ಕೈ ಸೀರೆಗೆ ಒರೆಸಿಕೊಂಡು ಎದ್ದು ನಿಂತರು.

"ಇಪ್ಪತ್ನಾಕು ಅಂತ ಮಾಡು ತಾಯಿ. ಕೊನೇನಾಗೆ ನಮ್ಮನೆಯವ್ರ ಎಸ್ರು ಆಕ್ಸು. ಎಂಡ್ತಿ ಬಿಟ್ಟ ಮೊಳೆಗೆ ಕಣ್ ಕಳ್ಕೊಂಡಿಲ್ಲ ಅವ್ರು. ಲಡಾಯಿನಾಗೆ ಕಳ್ಕೊಂಡವ್ರೆ."